ಮೂರರ ಮನೆಯಲ್ಲಿ ಸಣ್ಣ ಮುಳ್ಳು

ಮಗಳಿಗೆ ಆರು ತುಂಬಿದ ಮೇಲೆ ಗಡಿಯಾರ ನೋಡುವುದನ್ನು ಕಲಿಸೋಣ ಅಂತ ಮೂರು ದಾರಿ ಹಿಡಿದೆ: ಅಂಗಡಿಯ ಚಿತ್ರಪುಸ್ತಕ, ಪೇಪರ್ ಪ್ಲೇಟಿನ ಗಡಿಯಾರ, ಹಳೇ ನೋಟ್‌ಬುಕ್ಕಿನಲ್ಲಿ ನಾವೇ ಬರೆದ ದಿನಚರಿ.

ಪುಸ್ತಕದ್ದು ದಪ್ಪ ರಟ್ಟು, ತಿರುಗಿಸಲು ಪ್ಲಾಸ್ಟಿಕ್ ಮುಳ್ಳು. ಕರಡಿಮರಿ ಏಳಕ್ಕೆ ಏಳುತ್ತದೆ, ಎಂಟಕ್ಕೆ ತಿಂಡಿ. ಎರಡೇ ದಿನಕ್ಕೆ ಬಾಯಿಪಾಠ. ಗೋಡೆ ಗಡಿಯಾರದ ಮುಂದೆ ನಿಲ್ಲಿಸಿ ಕೇಳಿದರೆ ಮಾತ್ರ ಪಿಳಿಪಿಳಿ ಕಣ್ಣು. ಕರಡಿಯ ಕೈಯಲ್ಲಿ ಬಟ್ಟಲು ಕಂಡರೆ ಎಂಟು ಅಂತಿದ್ದಳು, ಅಷ್ಟೇ; ಮುಳ್ಳಿನ ಕಡೆ ನೋಡಿಯೇ ಇರಲಿಲ್ಲ. ಜೊತೆಗೆ ಅದು ಇಂಗ್ಲಿಷ್ ಪುಸ್ತಕ. ಅಲ್ಲಿ 'ಕ್ವಾರ್ಟರ್ ಟು ನೈನ್', ಅಜ್ಜಿಯ ಬಾಯಲ್ಲಿ 'ಎಂಟೂ ಮುಕ್ಕಾಲು'. ಒಂದು ಒಂಬತ್ತರಿಂದ ಕಾಲು ಕಳೆಯುತ್ತದೆ, ಇನ್ನೊಂದು ಎಂಟಕ್ಕೆ ಮುಕ್ಕಾಲು ಕೂಡಿಸುತ್ತದೆ. ಮುಕ್ಕಾಲು ಲೋಟ ಹಾಲು ಗೊತ್ತಿದ್ದ ಮಗುವಿಗೆ ಅಜ್ಜಿಯ ಲೆಕ್ಕವೇ ಬೇಗ ತಲೆಗೆ ಹತ್ತಿತು. ಪುಸ್ತಕ ಈಗ ಮಲಗುವ ಹೊತ್ತಿನ ಕಥೆಗೆ ಮೀಸಲು.

ಒಂದನ್ನೇ ಮಾಡಲು ಪುರುಸೊತ್ತಿದ್ದರೆ ಪ್ಲೇಟ್ ಗಡಿಯಾರ ಮಾಡಿ. ಲಗ್ನಪತ್ರಿಕೆಯ ಗಟ್ಟಿ ಕಾಗದದಲ್ಲಿ ಮುಳ್ಳು, ನಡುವೆ ಟಿಚ್ ಬಟನ್. ಮೊದಲ ಪ್ಲೇಟಿನಲ್ಲಿ 1ರಿಂದ ಬರೆಯುತ್ತಾ ಹೋಗಿ 9ಕ್ಕೇ ಜಾಗ ಮುಗಿಯಿತು. ಎರಡನೆಯದರಲ್ಲಿ 12, 6, 3, 9 ಬರೆಸಿ ಆಮೇಲೆ ಉಳಿದವನ್ನು ತುಂಬಿಸಿದೆ. ಆದರೂ 'ಮೂರೂವರೆ ಇಡು' ಅಂದರೆ ದೊಡ್ಡ ಮುಳ್ಳನ್ನು 6ಕ್ಕೆ ತಂದು, ಸಣ್ಣದನ್ನು ನೇರ 3ರ ಮೇಲೇ ಬಿಡುತ್ತಿದ್ದಳು. ತಪ್ಪು ಅವಳದ್ದಲ್ಲ. ನಿಜವಾದ ಗಡಿಯಾರದೊಳಗಿನ ಹಲ್ಲಿನ ಚಕ್ರ ದೊಡ್ಡ ಮುಳ್ಳಿನ ಒಂದು ಸುತ್ತಿಗೆ ಸಣ್ಣದನ್ನು 30 ಡಿಗ್ರಿ ಜರುಗಿಸುತ್ತದೆ. ಪ್ಲೇಟಿನಲ್ಲಿ, ಪುಸ್ತಕದಲ್ಲಿ ಎರಡೂ ತಮ್ಮ ಪಾಡಿಗೆ ತಾವು. (ಮೂಲೆಯಲ್ಲಿ ಹಳೇ ಅಲಾರಾಂ ಗಡಿಯಾರವಿದ್ದರೆ ಬೆನ್ನಿನ ತಿರುಪು ತಿರುಗಿಸಿ ತೋರಿಸಿ, ಎರಡೂ ಜೊತೆಗೇ ಹೋಗುತ್ತವೆ.)

ಪುಸ್ತಕದಲ್ಲಿ ಮಾಡಲಾಗದ್ದನ್ನು ಇಲ್ಲಿ ಮಾಡಿದೆ. ದೊಡ್ಡ ಮುಳ್ಳನ್ನೇ ಕಿತ್ತೆ. 3ರಿಂದ 4ರವರೆಗೆ ಒಂದು ಬಣ್ಣ, ಅದು ಮೂರರ ಮನೆ, ಚೌಕಾಬಾರದ ಮನೆಯ ಹಾಗೆ. ಗೆರೆ ದಾಟುವ ತನಕ ಮೂರೇ. ಒಂದು ವಾರ ಬರೀ ಸಣ್ಣ ಮುಳ್ಳು. 'ಅಮ್ಮಾ, ಮೂರರ ಮನೆ ನಡುವಿಗೆ ಬಂದಿದೆ' ಅಂದ ದಿನ ದೊಡ್ಡದನ್ನು ವಾಪಸ್ ಹಾಕಿದೆ. ನಿಮಿಷಗಳಿಗೆ ಐದರ ಮಗ್ಗಿ ಸಾಕಾಯಿತು.

ದಿನಚರಿ ಆಮೇಲೆ ಚೆನ್ನ. ಬಳೆ ಇಟ್ಟು ಪುಟಕ್ಕೊಂದು ವೃತ್ತ ಎಳೆದು, ಪಕ್ಕದಲ್ಲಿ ಚಿತ್ರ: 6:30ಕ್ಕೆ ಹಾಲಿನ ಪ್ಯಾಕೆಟ್, 8:15ಕ್ಕೆ ಶಾಲೆಯ ವ್ಯಾನು. ಚಿತ್ರ ಬರೆಯುವುದರಲ್ಲೇ ಸಂಜೆ ಕಳೆದುಹೋಗುತ್ತದೆ, ಕಲಿಕೆ ನಿಧಾನ. ಮೊನ್ನೆ ವ್ಯಾನು ಬರುವಾಗ ಎಂಟೂವರೆ. ಸಂಜೆ ಬಂದವಳೇ ರಬ್ಬರ್ ಹುಡುಕಿ ದೊಡ್ಡ ಮುಳ್ಳನ್ನು ಅಳಿಸಿ 6ಕ್ಕೆ ಎಳೆದಳು. ಆಮೇಲೆ ಯಾರೂ ಹೇಳದೆಯೇ ಸಣ್ಣದನ್ನೂ ಅಳಿಸಿ ಎಂಟರ ಮನೆಯ ನಡುವಿಗೆ ಜರುಗಿಸಿದಳು.