'ವಿಲ್' ಒಂದೇ ಸಾಲದು: ಮರ್ಫಿಯವರ ವ್ಯಾಕರಣ ಪುಸ್ತಕದ ಭವಿಷ್ಯತ್ಕಾಲದ ಪಾಠಗಳು

ಇಂಗ್ಲಿಷಿನ ಭವಿಷ್ಯತ್ಕಾಲವನ್ನು ಕಲಿಸುವ ಎಷ್ಟೋ ಪುಸ್ತಕಗಳು 'ವಿಲ್' ಮತ್ತು 'ಶ್ಯಾಲ್'ಗಳಿಂದ ಆರಂಭಿಸಿ, ಯಾವ ಕರ್ತೃಪದಕ್ಕೆ ಯಾವುದು ಸೇರುತ್ತದೆ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿಸಿ ಮುಂದಕ್ಕೆ ಹೋಗಿಬಿಡುತ್ತವೆ. ರೇಮಂಡ್ ಮರ್ಫಿಯವರ 'ಇಂಗ್ಲಿಷ್ ಗ್ರಾಮರ್ ಇನ್ ಯೂಸ್' ಆ ದಾರಿಯನ್ನು ಹಿಡಿಯುವುದಿಲ್ಲ. ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್ 1985ರಲ್ಲಿ ಮೊದಲು ಪ್ರಕಟಿಸಿದ ಈ ಪುಸ್ತಕದ ಐದನೆಯ ಆವೃತ್ತಿ 2019ರಲ್ಲಿ ಹೊರಬಂದಿದೆ. ಅದರ 145 ಪಾಠಗಳ ಪೈಕಿ 19ರಿಂದ 25ರವರೆಗಿನ ಏಳು ಪಾಠಗಳು ಭವಿಷ್ಯತ್ಕಾಲಕ್ಕೆ ಮೀಸಲಾಗಿವೆ. ಇಂಗ್ಲಿಷಿನಲ್ಲಿ ತಕ್ಕಮಟ್ಟಿಗೆ ಬರೆಯಬಲ್ಲವರೂ ಎಡವುವುದು ಈ ಭಾಗದಲ್ಲಿಯೇ ಆದ್ದರಿಂದ, ಇಡೀ ಪುಸ್ತಕವನ್ನು ಬಿಟ್ಟು ಈ ಏಳು ಪಾಠಗಳನ್ನಷ್ಟೇ ಇಲ್ಲಿ ಪರಿಶೀಲಿಸಿದ್ದೇನೆ.

ಮೆಚ್ಚಬೇಕಾದ ಮೊದಲ ಅಂಶವೆಂದರೆ ಪಾಠಗಳ ಕ್ರಮ. ಇಂಗ್ಲಿಷಿನ ಕ್ರಿಯಾಪದಕ್ಕೆ ಭೂತಕಾಲವನ್ನು ಸೂಚಿಸುವ ರೂಪವಿದೆಯೇ ಹೊರತು ಭವಿಷ್ಯತ್ಕಾಲಕ್ಕೆಂದೇ ಮೀಸಲಾದ ಪ್ರತ್ಯಯವಿಲ್ಲ. ಮುಂದೆ ನಡೆಯುವುದನ್ನು ಹೇಳಲು ಆ ಭಾಷೆ ಹಲವು ರಚನೆಗಳನ್ನು ಬಳಸಿಕೊಳ್ಳುತ್ತದೆ. ಮರ್ಫಿಯವರು ಇದನ್ನು ಗಮನದಲ್ಲಿಟ್ಟುಕೊಂಡು ವರ್ತಮಾನಕಾಲದ ರೂಪಗಳಿಂದಲೇ ಭವಿಷ್ಯದ ಚರ್ಚೆಯನ್ನು ಆರಂಭಿಸುತ್ತಾರೆ. ಮೊದಲೇ ಗೊತ್ತುಪಡಿಸಿಕೊಂಡ ಭೇಟಿಗೆ 'ಐ ಆಮ್ ಮೀಟಿಂಗ್ ಹರ್ ಟುಮಾರೊ' ಎನ್ನುವುದು, ವೇಳಾಪಟ್ಟಿಯಲ್ಲಿರುವ ರೈಲಿಗೆ 'ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್' ಎನ್ನುವುದು ಮೊದಲ ಪಾಠದಲ್ಲಿಯೇ ಸ್ಪಷ್ಟವಾಗುತ್ತದೆ. 'ನಾಳೆ ಹೋಗುತ್ತೇನೆ' ಎಂದು ಸಹಜವಾಗಿ ಹೇಳುವ ಕನ್ನಡಿಗರಿಗೆ ವರ್ತಮಾನದ ರೂಪ ಭವಿಷ್ಯಕ್ಕೆ ಒದಗುವುದು ಹೊಸತೇನಲ್ಲವಾದ್ದರಿಂದ, ಈ ಆರಂಭ ನಮಗೆ ವಿಶೇಷವಾಗಿ ಅನುಕೂಲಕರವಾಗಿದೆ.

ಈ ಭಾಗದ ಜೀವಾಳವಿರುವುದು 23ನೆಯ ಪಾಠದಲ್ಲಿ. 'ಗೋಯಿಂಗ್ ಟು' ಮತ್ತು 'ವಿಲ್' ಎರಡನ್ನೂ ಮೊದಲು ಬೇರೆ ಬೇರೆಯಾಗಿ ಪರಿಚಯಿಸಿ, ಆಮೇಲೆ ಇಲ್ಲಿ ಅವನ್ನು ಅಕ್ಕಪಕ್ಕದಲ್ಲಿ ಇರಿಸಲಾಗಿದೆ. ಕಪಾಟು ಮುರಿದಿದೆ ಎಂದು ಯಾರೋ ಹೇಳಿದ ಕೂಡಲೇ 'ಐ ವಿಲ್ ಫಿಕ್ಸ್ ಇಟ್' ಎಂದರೆ ನಿರ್ಧಾರ ಆ ಗಳಿಗೆಯಲ್ಲಿ ಹುಟ್ಟಿತು. 'ಐ ಆಮ್ ಗೋಯಿಂಗ್ ಟು ಫಿಕ್ಸ್ ಇಟ್' ಎಂದರೆ ಆ ನಿರ್ಧಾರ ಮೊದಲೇ ಆಗಿತ್ತು. ಮುನ್ಸೂಚನೆಯಲ್ಲಿಯೂ ಇಂಥದೇ ವ್ಯತ್ಯಾಸವಿದೆ: ವಾಲುತ್ತಿರುವ ಏಣಿಯನ್ನು ಕಣ್ಣಾರೆ ಕಂಡವರು 'ಇಟ್ ಇಸ್ ಗೋಯಿಂಗ್ ಟು ಫಾಲ್' ಎನ್ನುತ್ತಾರೆ, ಬರೀ ಅಭಿಪ್ರಾಯ ಹೇಳುವವರು 'ಐ ಥಿಂಕ್ ಶಿ ವಿಲ್ ವಿನ್' ಎನ್ನುತ್ತಾರೆ. ನಿಯಮವನ್ನು ಹೇಳಿ ಉದಾಹರಣೆ ಕೊಡುವುದಕ್ಕೆ ಬದಲಾಗಿ, ಮಾತನಾಡುವವರ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಮುಂದಿಟ್ಟು ರೂಪವನ್ನು ಆರಿಸಿಕೊಳ್ಳುವಂತೆ ಮಾಡುವ ಈ ವಿಧಾನ ನನಗೆ ಬಹಳ ಹಿಡಿಸಿತು; ಭಾಷೆಯನ್ನು ಬಳಸಲು ಕಲಿಸುವುದೆಂದರೆ ಇದೇ.

25ನೆಯ ಪಾಠವೂ ಅಷ್ಟೇ ಉಪಯುಕ್ತ. 'ವೆನ್ ಐ ವಿಲ್ ರೀಚ್, ಐ ವಿಲ್ ಕಾಲ್ ಯು' ಎಂಬ ತಪ್ಪು ನಮ್ಮಲ್ಲಿ ಬಹಳ ಸಾಮಾನ್ಯವಾಗಿದೆ. 'ವೆನ್', 'ಇಫ್' ಮುಂತಾದವುಗಳಿಂದ ಆರಂಭವಾಗುವ ಅಧೀನ ವಾಕ್ಯದಲ್ಲಿ ಅರ್ಥ ಭವಿಷ್ಯದ್ದಾದರೂ ರೂಪ ವರ್ತಮಾನದ್ದೇ ಇರಬೇಕು ಎಂಬುದನ್ನು ಈ ಪಾಠ ಮನದಟ್ಟು ಮಾಡಿಸುತ್ತದೆ. ಇದನ್ನು ಕಲಿಸುವವರು ಒಂದು ಎಚ್ಚರಿಕೆಯನ್ನು ತಪ್ಪದೆ ಹೇಳಬೇಕು: 'ಐ ಡೋಂಟ್ ನೋ ವೆನ್ ಶಿ ವಿಲ್ ಕಮ್' ಎಂಬ ವಾಕ್ಯ ಸರಿಯಾಗಿಯೇ ಇದೆ, ಏಕೆಂದರೆ ಅಲ್ಲಿ 'ವೆನ್' ಎಂಬುದು ಪ್ರಶ್ನೆಯನ್ನು ಸೂಚಿಸುತ್ತದೆಯೇ ಹೊರತು ಕಾಲದ ಷರತ್ತನ್ನಲ್ಲ.

ನನಗೆ ತೃಪ್ತಿ ಕೊಡದಿರುವುದು 24ನೆಯ ಪಾಠ. 'ಅಟ್ ನೈನ್ ಐ ವಿಲ್ ಬಿ ರೈಟಿಂಗ್' ಎಂದರೆ ಒಂಬತ್ತು ಗಂಟೆಗೆ ಬರೆಯುವ ಕೆಲಸ ನಡೆಯುತ್ತಿರುತ್ತದೆ. 'ಬೈ ನೈನ್ ಐ ವಿಲ್ ಹ್ಯಾವ್ ರಿಟನ್ ಇಟ್' ಎಂದರೆ ಒಂಬತ್ತರೊಳಗೆ ಅದು ಮುಗಿದಿರುತ್ತದೆ. ಕಲಿಯುವವರಿಗೆ ಇವೆರಡೂ ಕಷ್ಟದ ರೂಪಗಳೇ. ಪ್ರತಿ ಪಾಠವನ್ನೂ ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ ಎಂಬ ಚೌಕಟ್ಟಿಗೆ ಹೊಂದಿಸುವ ಪದ್ಧತಿ ಬೇರೆಡೆಗಳಲ್ಲಿ ಶಿಸ್ತನ್ನು ತಂದಿದೆಯಾದರೂ, ಇಲ್ಲಿ ಎರಡು ರೂಪಗಳನ್ನು ಒಂದೇ ಪಾಠದೊಳಗೆ ತುರುಕಿದಂತಾಗಿದೆ. ಒಂದೊಂದಕ್ಕೂ ಪ್ರತ್ಯೇಕ ಪಾಠವಿರಬೇಕಿತ್ತು.

ವಿವರಣೆಗಳೆಲ್ಲವೂ ಇಂಗ್ಲಿಷಿನಲ್ಲಿಯೇ ಇವೆ. ನೀಲಿ ಹೊದಿಕೆಯ ಈ ಪುಸ್ತಕ ಮಧ್ಯಮ ಹಂತದವರಿಗಾಗಿ ಸಿದ್ಧವಾದದ್ದು. ಈಗಷ್ಟೇ ಆರಂಭಿಸಿದವರಿಗೆ ಅದೇ ಲೇಖಕರ ಕೆಂಪು ಹೊದಿಕೆಯ ಪ್ರಾಥಮಿಕ ಪುಸ್ತಕ ಹೆಚ್ಚು ತಕ್ಕದ್ದು. ಕೊಳ್ಳುವಾಗ ಉತ್ತರಗಳಿರುವ ಪ್ರತಿಯನ್ನೇ ಕೇಳಿ ಪಡೆಯಬೇಕು, ಏಕೆಂದರೆ ತರಗತಿಗಳಿಗಾಗಿ ಉತ್ತರಗಳಿಲ್ಲದ ಪ್ರತಿಯೂ ಮಾರಾಟಕ್ಕಿದೆ. ಉತ್ತರಸೂಚಿ ಸರಿಯುತ್ತರವನ್ನು ಕೊಡುತ್ತದೆ, ಕಾರಣವನ್ನು ವಿವರಿಸುವುದಿಲ್ಲ. ತಪ್ಪಿದಾಗಲೆಲ್ಲ ಎಡಪುಟಕ್ಕೆ ಮರಳಿ ಓದುವ ತಾಳ್ಮೆ ಓದುಗರಲ್ಲಿರಬೇಕು. ಸ್ವಂತವಾಗಿ ಕಲಿಯುವವರು 23ರ ನಂತರ ನೇರವಾಗಿ 25ನೆಯ ಪಾಠವನ್ನು ಮುಗಿಸಿ, 24ನ್ನು ಕೊನೆಗೆ ಇರಿಸಿಕೊಂಡು, ಅದರ ಒಂದೊಂದು ರೂಪಕ್ಕೂ ತಾವೇ ಹತ್ತಾರು ವಾಕ್ಯಗಳನ್ನು ಬರೆದು ಅಭ್ಯಾಸ ಮಾಡುವುದು ಒಳ್ಳೆಯದು.