ಬಿದ್ದರೆ ಸಿಡಿಯುವ ಪಿಸ್ತೂಲು: ಎರಡು ವರ್ಷ ಸೊಂಟದಲ್ಲಿ ಇಟ್ಟುಕೊಂಡವನ ಅನುಭವ

ನಾನು ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವವನು. ಊರ ಹೊರಗೆ ಒಂದು ಸಣ್ಣ ದಾಲ್ ಮಿಲ್ ಇದೆ. ಡಿಸೆಂಬರ್, ಜನವರಿಯಲ್ಲಿ ಮಾಲು ಬರುವಾಗ ರಾತ್ರಿ ಒಂಬತ್ತರ ತನಕ ಲೆಕ್ಕ ನಡೆಯುತ್ತದೆ. ಆಮೇಲೆ ಕೈಯಲ್ಲಿ ನಗದು ಹಿಡಿದು ಮನೆಗೆ ಹೋಗಬೇಕು. ಅದಕ್ಕೇ ಪಿಸ್ತೂಲು ತಗೊಂಡೆ, ಶೋಕಿಗೆ ಅಲ್ಲ. ಸ್ವಲ್ಪ ಶೋಕಿಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಕಂಪನಿಯ ಹೆಸರು ಬರೆಯುವುದಿಲ್ಲ. ವಿಷಯ ಇನ್ನೂ ನೋಟಿಸ್ ಹಂತದಲ್ಲಿದೆ, ವಕೀಲರು ಬೇಡ ಎಂದಿದ್ದಾರೆ. .32 ಬೋರ್, ಸ್ಟ್ರೈಕರ್ ಮಾದರಿ, ಇಷ್ಟು ಸಾಕು.

ಸ್ಟ್ರೈಕರ್ ಅಂದರೇನು ಎಂದು ನನಗೂ ಆಗ ಗೊತ್ತಿರಲಿಲ್ಲ. ನಮ್ಮ ಅಪ್ಪನದು ಹಳೇ ರಿವಾಲ್ವರ್. ಅದರ ಹಿಂದೆ ಕುದುರೆ, ಅಂದರೆ ಗುಂಡು ಹಾರಿಸಲು ಬಡಿಯುವ ಸುತ್ತಿಗೆ, ಕಾಣುತ್ತದೆ. ಅದು ಎದ್ದಿದೆಯೋ ಮಲಗಿದೆಯೋ ಕಣ್ಣಲ್ಲೇ ತಿಳಿಯುತ್ತದೆ. ಈ ಹೊಸ ಪಿಸ್ತೂಲಿನಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಒಂದು ಸೂಜಿ, ಅದರ ಬೆನ್ನಿಗೆ ಸ್ಪ್ರಿಂಗ್. ಆ ಸೂಜಿಯನ್ನು ಸಿಯರ್ ಎಂಬ ಸಣ್ಣ ಕೊಕ್ಕೆ ಹಿಡಿದಿರುತ್ತದೆ. ಟ್ರಿಗರ್ ಎಳೆದರೆ ಕೊಕ್ಕೆ ಬಿಡುತ್ತದೆ, ಸೂಜಿ ಹೋಗಿ ಗುಂಡಿನ ತಳಕ್ಕೆ ಹೊಡೆಯುತ್ತದೆ. ಎಲ್ಲ ಒಳಗೊಳಗೇ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಹಿಡಿಕೆ ಕೈಗೆ ಚೆನ್ನಾಗಿ ಕೂರುತ್ತದೆ. ತೂಕ ಕಡಿಮೆ, ದಿನವಿಡೀ ಸೊಂಟದಲ್ಲಿದ್ದರೂ ಪ್ಯಾಂಟ್ ಜಗ್ಗುವುದಿಲ್ಲ. ನಮ್ಮ ಮೇ ತಿಂಗಳ ಬಿಸಿಲಿನ ಬೆವರಿಗೂ ತುಕ್ಕು ಹಿಡಿದಿಲ್ಲ. ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೋಗಿದ್ದೆ, ಸರ್ಟಿಫಿಕೇಟ್ ಇದೆ. ಆಮೇಲೆ ಇದರಲ್ಲಿ ಗುರಿ ಹೊಡೆದಾಗ ಹತ್ತು ಮೀಟರ್‌ಗೆ ಎಲ್ಲ ಗುಂಡೂ ಒಂದು ಊಟದ ತಟ್ಟೆಯೊಳಗೇ ಬಿದ್ದವು. ನನ್ನಂಥವನಿಗೆ ಅದು ಜಾಸ್ತಿನೇ.

ಈಗ ಡಿಸೆಂಬರ್ 2024ರ ಸಂಜೆಗೆ ಬರೋಣ.

ಅಂಗಡಿಯಲ್ಲಿ ಗಾದಿ ಮೇಲೆ ಕೂತಿದ್ದೆ. ಮುಂದೆ ತೊಗರಿಯ ಚೀಲಗಳ ಥಪ್ಪಿ. ತೇವ ನೋಡುವ ಮೀಟರ್ ಕೆಳಗೆ ಬಿದ್ದಿತ್ತು, ತಗೊಳ್ಳಲು ಬಗ್ಗಿದೆ. ಹೋಲ್‌ಸ್ಟರಿನ, ಅಂದರೆ ಪಿಸ್ತೂಲಿಡುವ ಚೀಲದ, ಕ್ಲಿಪ್ ಬೆಲ್ಟಿನಿಂದ ಜಾರಿತು. ಪಿಸ್ತೂಲು ಹೊರಗೆ ಬಂದು ನೆಲಕ್ಕೆ ಬಿತ್ತು. ನಮ್ಮ ಕಡೆ ನೆಲ ಅಂದರೆ ಗೊತ್ತಲ್ಲ, ಶಹಾಬಾದ್ ಫರಸಿ. ಕಲ್ಲು ಅಂದರೆ ಕಲ್ಲು. ಪಿಸ್ತೂಲಿನ ಹಿಂಭಾಗ ಮೊದಲು ತಾಗಿತು. ಢಂ ಅಂತು.

ಆಮೇಲೆ ಕಿವಿಯಲ್ಲಿ ಬರೀ ಗುಂಯ್ ಎನ್ನುವ ಸದ್ದು. ಥಪ್ಪಿಯಿಂದ ಧೂಳು ಎದ್ದು ಬಲ್ಬಿನ ಸುತ್ತ ನಿಂತಿತು. ಹಮಾಲ ನಾಲ್ಕು ಅಡಿ ದೂರದಲ್ಲಿದ್ದ. ಅವನನ್ನೇ ನೋಡಿದೆ, ಅವನು ಚೀಲ ನೋಡುತ್ತಿದ್ದ. ಎರಡನೇ ಸಾಲಿನ ಚೀಲದಲ್ಲಿ ಕಡಲೆ ಕಾಳಿನಷ್ಟು ತೂತು. ಅದರಿಂದ ತೊಗರಿ ಸಣ್ಣಗೆ, ನಲ್ಲಿ ನೀರಿನ ಹಾಗೆ, ಸುರಿಯುತ್ತಿತ್ತು. ಅವನು ಹೋಗಿ ಹೆಬ್ಬೆರಳಿಟ್ಟು ತೂತು ಮುಚ್ಚಿದ. ಮುಚ್ಚಿಕೊಂಡೇ ನನ್ನ ಕಡೆ ತಿರುಗಿ, "ಸಾವ್ಕಾರ್ರೆ, ನಿಮಗೇನೂ ಆಗಿಲ್ಲಲ್ರಿ?" ಎಂದ. ಅವನಿಗೆ ಏನಾದರೂ ಆಗಿದೆಯಾ ಎಂದು ಕೇಳಬೇಕಾದವನು ನಾನು.

ಗುಂಡು ಎಲ್ಲಿ ಹೋಯಿತು ಎಂದು ಹುಡುಕಬೇಕಿತ್ತು. ಹಾಗೇ ಮಿಲ್ಲಿಗೆ ಕಳಿಸುವಂತಿಲ್ಲ. ಮಿಲ್ಲಿನಲ್ಲಿ ಅಯಸ್ಕಾಂತ ಇದೆ, ಆದರೆ ಅದು ಕಬ್ಬಿಣವನ್ನು ಹಿಡಿಯುತ್ತದೆ. ಸೀಸ, ತಾಮ್ರ ಅದಕ್ಕೆ ಅಂಟುವುದಿಲ್ಲ. ಜಿಐ ಟ್ಯಾಗ್ ಇರುವ ನಮ್ಮ ಕಲಬುರಗಿ ತೊಗರಿ ಬೇಳೆಯಲ್ಲಿ ಯಾರದೋ ಮನೆಯ ಸಾರಿಗೆ ಗುಂಡು ಸಿಕ್ಕರೆ? ಮೂರು ಚೀಲ ಬಿಚ್ಚಿ ಜರಡಿ ಹಿಡಿದೆವು. ಮೂರನೇ ಚೀಲದಲ್ಲಿ ಸಿಕ್ಕಿತು, ಮೂತಿ ಚಪ್ಪಟೆಯಾಗಿತ್ತು.

ನನ್ನ ತಪ್ಪನ್ನೂ ಬರೆಯುತ್ತೇನೆ. ಚೇಂಬರ್‌ನಲ್ಲಿ, ಅಂದರೆ ನಳಿಗೆಯ ಹಿಂದೆ ಗುಂಡು ಹಾರಲು ಸಿದ್ಧವಾಗಿ ಕೂರುವ ಜಾಗದಲ್ಲಿ, ಗುಂಡು ಇತ್ತು. ಹೋಲ್‌ಸ್ಟರ್ ಅಗ್ಗದ್ದು, ಕಂಪನಿಯದ್ದಲ್ಲ. ಜಾರಿದ್ದಕ್ಕೆ ನಾನೇ ಹೊಣೆ. ಆದರೆ ಸಿಡಿದದ್ದಕ್ಕೆ? ಟ್ರಿಗರ್‌ಗೆ ಬೆರಳಿಲ್ಲ, ಬಟ್ಟೆ ಇಲ್ಲ, ಏನೂ ತಾಗಿಲ್ಲ. ಜೊತೆಗೆ ಕೊಟ್ಟ ಪುಸ್ತಕದಲ್ಲಿ ಬಿದ್ದರೂ ಸಿಡಿಯುವುದಿಲ್ಲ ಎಂದು ಅಚ್ಚು ಹಾಕಿದ್ದಾರೆ. ಅದನ್ನು ನಂಬಿಯೇ ಚೇಂಬರ್ ತುಂಬಿಕೊಂಡು ತಿರುಗುತ್ತಿದ್ದೆ.

ಕಂಪನಿಗೆ ಫೋನ್ ಮಾಡಿದೆ. ಹುಡುಗಿ ಬಹಳ ನಯವಾಗಿ, "ಸರ್, ಈ ಮಾಡೆಲ್‌ನಲ್ಲಿ ಇಲ್ಲಿಯವರೆಗೆ ಒಂದೂ ಕಂಪ್ಲೇಂಟ್ ಬಂದಿಲ್ಲ" ಎಂದಳು. ಪಿಸ್ತೂಲು ಮಾರಿದ ಅಂಗಡಿಯವನು ಇನ್ನೂ ನಯ. "ಗನ್ ಬೀಳಿಸಬಾರದು ಸರ್."

ನನ್ನ ಅಕ್ಕನ ಮಗ ಡಲ್ಲಾಸ್‌ನಲ್ಲಿದ್ದಾನೆ. ಅವನಿಗೆ ಹೇಳಿದಾಗ ನಕ್ಕುಬಿಟ್ಟ. "ಮಾಮಾ, ಇದು ಹಳೇ ಕಥಿ. ನಮ್ಮಲ್ಲಿ 2017ರಾಗೇ ಆಗ್ಯದ" ಎಂದ. ಅವನ ಹತ್ತಿರ ಇದ್ದದ್ದು ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲು, ಅದೂ ಸ್ಟ್ರೈಕರ್ ಮಾದರಿಯೇ. 2014ರಲ್ಲಿ ಮಾರುಕಟ್ಟೆಗೆ ಬಂತು. 2017ರ ಜನವರಿಯಲ್ಲಿ ಅಮೆರಿಕದ ಸೈನ್ಯ ಇದೇ ವಿನ್ಯಾಸವನ್ನು ಎಂ17, ಎಂ18 ಎಂಬ ಹೆಸರಲ್ಲಿ ಆರಿಸಿಕೊಂಡಿತು. ಇಷ್ಟು ದೊಡ್ಡ ಗಿರಾಕಿ ಸಿಕ್ಕ ವರ್ಷವೇ ಎಡವಟ್ಟಾಯಿತು. ಸುಮಾರು 30 ಡಿಗ್ರಿ ವಾಲಿಕೊಂಡು ಹಿಂಭಾಗ ನೆಲಕ್ಕೆ ಬಡಿದರೆ ಸಿಡಿಯುತ್ತದೆ ಎಂದು ಹೊರಗಿನವರು ಪರೀಕ್ಷೆ ಮಾಡಿ ವಿಡಿಯೊ ಹಾಕಿದರು. ಡಲ್ಲಾಸ್ ಪೊಲೀಸರು ಅದರ ಬಳಕೆಯನ್ನು ತಡೆಹಿಡಿದರು.

ಕಾರಣ ಕೇಳಿದರೆ ಆಶ್ಚರ್ಯ ಆಗುತ್ತದೆ. ಟ್ರಿಗರ್‌ನ ಸ್ವಂತ ತೂಕ! ಪಿಸ್ತೂಲು ಹಿಂದಕ್ಕೆ ಬಿದ್ದು ತಟ್ಟನೆ ನಿಲ್ಲುತ್ತದೆ. ಟ್ರಿಗರ್ ಮಾತ್ರ ಅದೇ ವೇಗದಲ್ಲಿ ಹಿಂದಕ್ಕೇ ಹೋಗುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ನಾವು ಮುಂದಿನ ಸೀಟಿಗೆ ಹೋಗಿ ಬಡಿಯುವುದಿಲ್ಲವೇ, ಹಾಗೆ. ಯಾರೂ ಮುಟ್ಟದೆ ಟ್ರಿಗರ್ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ.

ಆ ವರ್ಷ ಆಗಸ್ಟ್ ಮೊದಲ ವಾರದಲ್ಲಿ ಸಿಗ್ ಸಾವರ್ ಕಂಪನಿ ಏನು ಹೇಳಿತ್ತು ಗೊತ್ತಾ? ಅಮೆರಿಕದಲ್ಲಿ ಜನ ಕೊಂಡ ಪಿಸ್ತೂಲುಗಳಲ್ಲಿ ಬಿದ್ದು ಸಿಡಿದ ದೂರು ಒಂದೂ ಇಲ್ಲ ಎಂದು. ನನಗೆ ಫೋನಿನಲ್ಲಿ ಆ ಹುಡುಗಿ ಹೇಳಿದ್ದೂ ಅದೇ ಅಲ್ವಾ! ಕೆಲವೇ ದಿನ ಕಳೆದು, ಆಗಸ್ಟ್ 8ಕ್ಕೆ, ಪುಕ್ಕಟೆ ಸರಿಮಾಡಿಕೊಡುತ್ತೇವೆ ಎಂದರು. ಟ್ರಿಗರ್, ಸಿಯರ್, ಸ್ಟ್ರೈಕರ್ ಹಗುರ ಮಾಡಿದರು, ಟ್ರಿಗರ್‌ಗೂ ಸಿಯರ್‌ಗೂ ಇರುವ ಕೊಂಡಿ ಬಿಡಿಸುವ ಡಿಸ್‌ಕನೆಕ್ಟರ್ ಎಂಬ ಹೊಸ ಭಾಗ ಸೇರಿಸಿದರು. ಆದರೆ ರಿಕಾಲ್, ಅಂದರೆ ದೋಷದ ಮಾಲು ವಾಪಸ್ ಕರೆಸುವುದು, ಎನ್ನಲಿಲ್ಲ. "ವಾಲಂಟರಿ ಅಪ್‌ಗ್ರೇಡ್" ಅಂದರು. ಅಮೆರಿಕದಲ್ಲಿ ಗ್ರಾಹಕ ಸುರಕ್ಷತೆಯ ಆಯೋಗ ಆಟಿಕೆ, ಮಿಕ್ಸರ್ ವಾಪಸ್ ತರಿಸಬಹುದು, ಬಂದೂಕಿನ ಮೇಲೆ ಮಾತ್ರ ಅದಕ್ಕೆ ಅಧಿಕಾರ ಇಲ್ಲ. ಹಾಗಾಗಿ ಕಂಪನಿ ತಾನಾಗಿ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಳಿಯ ತನ್ನದನ್ನು ಪಾರ್ಸೆಲ್ ಮಾಡಿ ಕಳಿಸಿದ. ಪಾರ್ಸೆಲ್! ಇಲ್ಲಿ ನಾನು ಹಾಗೆ ಕಳಿಸಿದರೆ ಪಿಸ್ತೂಲಿನ ಜೊತೆ ನಾನೂ ಒಳಗೆ ಹೋಗುತ್ತೇನೆ. ಅವನ ಗೆಳೆಯರಲ್ಲಿ ಒಬ್ಬ ಮಾರಿದನಂತೆ, ಇನ್ನೊಬ್ಬ "ಬೀಳಿಸುವವನು ಮೂರ್ಖ" ಎಂದು ಕಳಿಸಲೇ ಇಲ್ಲವಂತೆ.

ಅಲ್ಲಿ ವಿಷಯ ಮುಗಿದಿಲ್ಲ. ಬೀಳದೇ, ಹೋಲ್‌ಸ್ಟರಿನಲ್ಲಿದ್ದಾಗಲೇ ಸಿಡಿಯಿತು ಎಂದು ಬೇರೆ ಬೇರೆ ಕೇಸುಗಳಾದವು. 2024ರಲ್ಲಿ ಜಾರ್ಜಿಯಾದ ಒಂದು ಜ್ಯೂರಿ 23 ಲಕ್ಷ ಡಾಲರ್, ಫಿಲಡೆಲ್ಫಿಯಾದ ಒಂದು ಜ್ಯೂರಿ 1 ಕೋಟಿ 10 ಲಕ್ಷ ಡಾಲರ್ ಪರಿಹಾರ ಹೇಳಿದವು. ಟ್ರಿಗರ್ ಎಳೆಯದೆ ಅದು ಸಿಡಿಯಲು ಸಾಧ್ಯವೇ ಇಲ್ಲ ಎನ್ನುವುದು ಕಂಪನಿಯ ವಾದ. 2025ರ ಜುಲೈನಲ್ಲಿ ಅಮೆರಿಕದ ವಾಯುಪಡೆಯ ಒಂದು ನೆಲೆಯಲ್ಲಿ ಒಬ್ಬ ಸತ್ತಾಗ ಎಲ್ಲರೂ ಎಂ18 ಕಡೆ ಬೆರಳು ತೋರಿಸಿದರು. ಆಮೇಲೆ ಅದೇ ಪ್ರಕರಣದಲ್ಲಿ ಸಿಬ್ಬಂದಿಯೊಬ್ಬನನ್ನೇ ಬಂಧಿಸಿದರು. ಹಾಗಾಗಿ ಸಿಡಿದದ್ದಕ್ಕೆಲ್ಲ ಪಿಸ್ತೂಲೇ ಕಾರಣ ಎಂದು ನಾನೂ ಹೇಳುವುದಿಲ್ಲ. ನನ್ನದರಲ್ಲಿ ಏನಾಗಿತ್ತು ಎಂಬುದನ್ನು ಮಾತ್ರ ಹೇಳುತ್ತೇನೆ, ಯಾಕೆಂದರೆ ಅದನ್ನು ಕಣ್ಣಾರೆ ನೋಡಿದ್ದೇನೆ.

ತೋರಿಸಿದವರು ಬೀದರ್‌ನ ಒಬ್ಬ ನಿವೃತ್ತ ಸುಬೇದಾರ್. ನಮ್ಮ ತಂದೆಯ ಪರಿಚಯ, ಕಾಕಾ ಅನ್ನುತ್ತೇನೆ. ಮನೆಗೆ ಬಂದರು. ಗುಂಡು ತುಂಬುವ ಮ್ಯಾಗಜೀನ್ ತೆಗೆದರು. ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್ ಎಳೆದು ಚೇಂಬರಿಗೆ ಕಣ್ಣು ಹಾಕಿದರು, ಕಿರುಬೆರಳನ್ನೂ ಹಾಕಿದರು. ಗುಂಡಿನ ಡಬ್ಬಿಯನ್ನು ಬೇರೆ ಕೋಣೆಯಲ್ಲಿ ಇಡಿಸಿದರು. "ಖಾಲಿ ಅದ ಅಂತ ನಾ ಹೇಳಿದ್ರ ನಂಬಬ್ಯಾಡ, ನೀನೂ ಬೆರಳಾಡ್ಸು" ಎಂದರು. ಆಡಿಸಿದೆ.

ಆಮೇಲೆ ಖಾಲಿ ಪಿಸ್ತೂಲಿನ ಸ್ಪ್ರಿಂಗ್ ಏರಿಸಿ, ನಳಿಗೆಯಲ್ಲಿ ಒಂದು ಪೆನ್ಸಿಲ್ ಇಳಿಬಿಟ್ಟರು, ರಬ್ಬರಿನ ತುದಿ ಕೆಳಗೆ. ಒಳಗೆ ಸೂಜಿ ಹೊಡೆದರೆ ಪೆನ್ಸಿಲ್ ಜಿಗಿಯುತ್ತದೆ. ಟ್ರಿಗರ್ ಎಳೆದು ತೋರಿಸಿದರು, ಜಿಗಿಯಿತು. ಮತ್ತೆ ಏರಿಸಿದರು. ಈಗ ಬೆರಳು ಟ್ರಿಗರಿನಿಂದ ದೂರ. ನಮ್ಮ ಮನೆಯವಳ ಕಟ್ಟಿಗೆಯ ಕೊಡತಿ ತಗೊಂಡು ಸ್ಲೈಡಿನ ಹಿಂಭಾಗಕ್ಕೆ, ಸ್ವಲ್ಪ ಓರೆಯಾಗಿ, ಒಂದು ಏಟು. ಏನಿಲ್ಲ. ಇನ್ನೊಂದು. ಏನಿಲ್ಲ. ಮೂರನೆಯದಕ್ಕೆ ಪೆನ್ಸಿಲ್ ಟಣ್ಣನೆ ಎದ್ದು ಕೌದಿ ಮೇಲೆ ಬಿತ್ತು.

ಇಪ್ಪತ್ತು ಏಟಿಗೆ ಐದು ಸಲ ಜಿಗಿಯಿತು. ಕಾಕಾ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಚಹಾ ಕೇಳಿದರು. ನೀವು ಇದನ್ನು ಒಬ್ಬರೇ ಮಾಡಲು ಹೋಗಬೇಡಿ. ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ಇದೇ ಮಾಡೆಲ್ ಇಟ್ಟುಕೊಂಡವರು ನನಗೆ ಗೊತ್ತಿರುವಂತೆ ಇನ್ನೂ ಮೂವರಿದ್ದಾರೆ. ಮೂವರಿಗೂ ಹೇಳಿದೆ. ಸೇಡಂ ಕಡೆಯ ಗುತ್ತಿಗೆದಾರ, "ಬಿಡ್ರಿ, ನಂದು ಲಾಕರ್‌ನಾಗ ಮಲಗ್ಯದ. ಲಾಕರ್ ಬೀಳ್ತದೇನ್ರಿ?" ಎಂದ. ಇನ್ನೊಬ್ಬ ನನ್ನ ಮೇಲೇ ಸಿಟ್ಟಾದ. ಒಂದೂವರೆ ಲಕ್ಷ ಕೊಟ್ಟ ಮಾಲಿಗೆ ಹೆಸರಿಡಬೇಡ ಎಂದ. ನಾನೂ ಅಷ್ಟೇ ಕೊಟ್ಟಿದ್ದೇನೆ ಮಾರಾಯ!

ಮೂರನೆಯವನು ನಿಜ ಹೇಳಿದ. ಅವನದೂ ಒಮ್ಮೆ ಹಾಗೇ ಸಿಡಿದಿತ್ತು, ಹೊಲದಲ್ಲಿ, ಟ್ರ್ಯಾಕ್ಟರ್ ಇಳಿಯುವಾಗ. ಯಾರಿಗೂ ಹೇಳಿಲ್ಲ. "ಹೇಳಿದ್ರ ಠಾಣೆಗೆ ಹೋಗ್ಬೇಕು. ಠಾಣೆಗೆ ಹೋದ್ರ ರಿನ್ಯೂವಲ್ ನಿಲ್ತದ. ಲೈಸೆನ್ಸ್ ಹೋದ್ರ ಯಾರ್ ಕೊಡ್ತಾರಣ್ಣ?" ಎಂದ.

ಒಂದೂ ಕಂಪ್ಲೇಂಟ್ ಬಂದಿಲ್ಲ ಎಂದು ಆ ಹುಡುಗಿ ಹೇಳಿದ್ದು ಸುಳ್ಳಲ್ಲ ಎಂದು ನನಗೆ ಆಗ ಹೊಳೆಯಿತು. ಬಂದಿರುವುದೇ ಇಲ್ಲ. ಲೈಸೆನ್ಸಿಗೆ ಅರ್ಜಿ ಹಾಕಿ, ಪೊಲೀಸ್ ವರದಿ ಆಗಿ, ಕಚೇರಿಗೆ ಅಲೆದು ಪುಸ್ತಕ ಕೈಗೆ ಬಂದ ಮೇಲೆ ಅದನ್ನು ಕಳೆದುಕೊಳ್ಳುವ ಮಾತು ಯಾರು ಆಡುತ್ತಾರೆ? ಅಮೆರಿಕದವನು ಅಹಂಕಾರಕ್ಕೆ ಸುಮ್ಮನಿದ್ದ, ನಮ್ಮವನು ಹೆದರಿ ಸುಮ್ಮನಿದ್ದಾನೆ. ಕಂಪನಿಗೆ ಎರಡೂ ಒಂದೇ.

ನಾನು ಠಾಣೆಗೆ ಬರೆದುಕೊಟ್ಟೆ. ಖಾಲಿ ಕೋಕಾ (ಸಿಡಿದ ಗುಂಡಿನ ಹಿಂದಿನ ಲೋಹದ ಚಿಪ್ಪು), ಚಪ್ಪಟೆಯಾದ ಗುಂಡು ಎರಡನ್ನೂ ಒಂದು ಲಕೋಟೆಯಲ್ಲಿ ಹಾಕಿ ಒಯ್ದಿದ್ದೆ. ಎರಡು ಸಲ ಹೇಳಿಕೆ ಆಯಿತು, ಹಮಾಲನದೂ ಆಯಿತು. ಚೇಂಬರ್ ಯಾಕೆ ತುಂಬಿದ್ದಿರಿ ಎಂದು ಚೆನ್ನಾಗಿಯೇ ಬೈಸಿಕೊಂಡೆ. ಸರಿಯಾಗಿಯೇ ಬೈದರು. ಆದರೆ ಲೈಸೆನ್ಸ್ ಹೋಗಲಿಲ್ಲ.

ರಿಪೇರಿಯದ್ದು ಬೇರೆ ಪುರಾಣ. ಹೈದರಾಬಾದ್ ನಮಗೆ 220 ಕಿಲೋಮೀಟರ್. ಹಲ್ಲುನೋವಿನಿಂದ ಮದುವೆ ಸೀರೆವರೆಗೆ ನಾವು ಹೋಗುವುದು ಅಲ್ಲಿಗೇ. ಆದರೆ ನನ್ನ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ. ಗಡಿ ದಾಟಿದರೆ ಅಪರಾಧ. ಹಾಗಾಗಿ 600 ಕಿಲೋಮೀಟರ್ ಹತ್ತಿರ ಕಾರು ಓಡಿಸಿ ಬೆಂಗಳೂರಿಗೆ ಹೋಗಬೇಕಾಯಿತು. ಅಂಗಡಿಯವನು ಮೊದಲು ಮುಟ್ಟಲೂ ಒಪ್ಪಲಿಲ್ಲ. ವಕೀಲರ ನೋಟಿಸ್ ಹೋದ ಮೇಲೆ ಒಪ್ಪಿದ. ನೋಟಿಸಿನಲ್ಲಿ ಬರೆದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ದೋಷವಿರುವ ವಸ್ತುವಿನಿಂದ ಹಾನಿಯಾದರೆ ತಯಾರಿಸಿದವನೇ ಹೊಣೆ ಎಂದು ಅದರಲ್ಲಿ ಒಂದು ಅಧ್ಯಾಯವೇ ಇದೆ. ದೂರು ಕೊಡಲು ಎರಡು ವರ್ಷ ಸಮಯವಿದೆ. ನನಗೆ ಆದ ಹಾನಿ ಒಂದು ಗೋಣಿಚೀಲ, ಅದಕ್ಕೇ ವಕೀಲರು ಸ್ವಲ್ಪ ನಕ್ಕರು.

2025ರ ಏಪ್ರಿಲ್‌ನಲ್ಲಿ ಪಿಸ್ತೂಲು ವಾಪಸ್ ಬಂತು. ಬಿಲ್ಲಿನಲ್ಲಿ "ಸಾಮಾನ್ಯ ಸರ್ವಿಸ್, ಉಚಿತ" ಎಂದು ಬರೆದಿದ್ದಾರೆ. ಏನು ಬದಲಿಸಿದರು, ಯಾಕೆ ಬದಲಿಸಿದರು, ಒಂದಕ್ಷರ ಇಲ್ಲ. ಆದರೆ ಟ್ರಿಗರ್ ಬೇರೆ. ಮೊದಲಿನದು ದಪ್ಪ, ಈಗಿನದು ತೆಳ್ಳಗೆ, ಹಿಂದೆ ಟೊಳ್ಳು. ಕಾಕಾ ಮತ್ತೆ ಕೊಡತಿ ಹಿಡಿದರು. ಐವತ್ತು ಏಟು. ಪೆನ್ಸಿಲ್ ಅಲ್ಲಾಡಲಿಲ್ಲ.

ಅಂದರೆ ದೋಷ ಏನೆಂದು ಅವರಿಗೆ ಗೊತ್ತು, ಸರಿಮಾಡಲೂ ಗೊತ್ತು. ಕಾರಿನಲ್ಲಿ ಇಂಥ ದೋಷ ಇದ್ದರೆ ವಾಪಸ್ ಕರೆಸಿ ಎಂದು ಸರ್ಕಾರವೇ ಹೇಳಬಹುದು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಅದನ್ನು ಸೇರಿಸಿದ್ದಾರೆ. ಪಿಸ್ತೂಲು ಮಾರಿದವನ ಹತ್ತಿರ ನಮ್ಮೆಲ್ಲರ ಹೆಸರು, ವಿಳಾಸ, ಲೈಸೆನ್ಸ್ ನಂಬರ್ ಬರೆದಿಟ್ಟ ರಿಜಿಸ್ಟರ್ ಇದೆ. ಒಂದು ಪತ್ರ ಹಾಕಲು ಎಷ್ಟು ಹೊತ್ತು ಬೇಕು? ಅದನ್ನೇ ನೋಟಿಸಿನಲ್ಲಿ ಕೇಳಿದ್ದೇನೆ. ದುಡ್ಡು ಕೇಳಿಲ್ಲ.

ಪಿಸ್ತೂಲಿಗೆ ಐದರಲ್ಲಿ ಮೂರು, ಅದೂ ಹೊಸ ಟ್ರಿಗರ್ ಹಾಕಿದ ಮೇಲೆ. ಕಂಪನಿಯ ಸೇವೆಗೆ ಒಂದು. ಈಗ ಚೇಂಬರ್ ಖಾಲಿ ಇಟ್ಟುಕೊಂಡೇ ತಿರುಗುತ್ತೇನೆ, ಹೋಲ್‌ಸ್ಟರ್ ಹೊಸದು, ಗಟ್ಟಿ ಕ್ಲಿಪ್ಪಿನದು. ಹಮಾಲ ಮಾತ್ರ ಇನ್ನೂ ಗಾದಿ ಹತ್ತಿರ ಬರುವಾಗ ಮೊದಲು ನನ್ನ ಸೊಂಟ ನೋಡುತ್ತಾನೆ, ಆಮೇಲೆ ಮುಖ.

ನಿಮ್ಮದು ದಪ್ಪ ಟ್ರಿಗರ್ ಆಗಿದ್ದರೆ ಗಂಜ್‌ಗೆ ಬನ್ನಿ. ಕಾಕಾ ತಿಂಗಳಿಗೊಮ್ಮೆ ಬರುತ್ತಾರೆ. ಲೈಸೆನ್ಸ್ ತನ್ನಿ, ಗುಂಡು ಮನೆಯಲ್ಲೇ ಇಟ್ಟು ಬನ್ನಿ. ಕೊಡತಿ, ಪೆನ್ಸಿಲ್ ನನ್ನ ಹತ್ತಿರ ಇದೆ.