ಮೂರು ಚೆಂಡಿನ ಸ್ಪೈರೋಮೀಟರ್: ಕೊಳ್ಳಿ, ಆದರೆ ಮೂರನೇ ಚೆಂಡಿನ ಬೆನ್ನು ಹತ್ತಬೇಡಿ

ಎದೆ ಅಥವಾ ಹೊಟ್ಟೆಯ ಆಪರೇಷನ್ ಆದವರ ಮಂಚದ ಪಕ್ಕ ಇದನ್ನು ನೋಡಿರುತ್ತೀರಿ. ಪಾರದರ್ಶಕ ಪ್ಲಾಸ್ಟಿಕ್ಕಿನ ಮೂರು ಕೊಳವೆ, ಒಂದೊಂದರಲ್ಲೂ ಹಗುರವಾದ ಚೆಂಡು, ಒಂದು ಪೈಪು, ಅದರ ತುದಿಗೆ ಮೌತ್‌ಪೀಸ್. ಕೋವಿಡ್ ಬಂದಮೇಲೆ ಆಸ್ಪತ್ರೆ ಬಿಟ್ಟು ಮನೆಮನೆಗೂ ಬಂತು. ಮೆಡಿಕಲ್ ಶಾಪಿನಲ್ಲಿ ಕೆಲವು ನೂರು ರೂಪಾಯಿ, ಅಷ್ಟಕ್ಕೆ ವಸ್ತು ಚೆನ್ನಾಗಿದೆ. ತೊಂದರೆ ಇರುವುದು ಬಳಸುವ ರೀತಿಯಲ್ಲಿ.

ಮೊದಲನೆಯದು, ಇದು ಊದುವುದಕ್ಕಲ್ಲ, ಉಸಿರನ್ನು ಆಳವಾಗಿ ಒಳಗೆಳೆಯುವುದಕ್ಕೆ. ಊದಿ ನೋಡಿ, ಚೆಂಡು ಏಳದೆ, ಪೀಸೇ ಕೆಟ್ಟಿದೆ ಎಂದುಕೊಳ್ಳುವವರು ಬಹಳ.

ಇನ್ನು ಕೊಳವೆಗಳ ಮೇಲಿನ 600, 900, 1200. ಇವು ಶ್ವಾಸಕೋಶ ಎಷ್ಟು ತುಂಬಿತು ಎನ್ನುವ ಲೆಕ್ಕವಲ್ಲ, ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಗಾಳಿ ಎಳೆದಿರಿ ಎನ್ನುವ ವೇಗ. ಜೋರಾಗಿ ಅರ್ಧ ಸೆಕೆಂಡು ಎಳೆದರೆ ಮೂರೂ ಚೆಂಡು ಟಕ್ಕನೆ ಮೇಲೇರುತ್ತವೆ, ಮನೆಯವರು ಶಹಬ್ಬಾಸ್ ಅನ್ನುತ್ತಾರೆ. ಒಳಗೆ ಹೋದದ್ದು ಮಾತ್ರ ಸುಮಾರು 600 ಮಿಲಿ. ಸುಮ್ಮನೆ ಕೂತಾಗಿನ ಉಸಿರೇ 500 ಮಿಲಿ ಇರುತ್ತದೆ. ಅದೇ ಮೊದಲ ಚೆಂಡೊಂದನ್ನೇ ಮೂರು ಸೆಕೆಂಡು ಮೇಲೆ ನಿಲ್ಲಿಸಿದರೆ 1800 ಮಿಲಿ. ಬೇಕಾದದ್ದು ಈ ಎರಡನೆಯದು.

ಯಾಕೆಂದರೆ ಅರಿವಳಿಕೆ ಕೊಟ್ಟು ಮಲಗಿಸಿದಾಗ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ಸರಿದು ಶ್ವಾಸಕೋಶದ ಬುಡದ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಹೊಲಿಗೆಯ ನೋವಿಗೆ ಹೆದರಿ ರೋಗಿ ಮೇಲುಮೇಲಿನ ಉಸಿರನ್ನೇ ಆಡುತ್ತಾನೆ. ಆರೋಗ್ಯವಂತರು ಗೊತ್ತಿಲ್ಲದೆಯೇ ಆಗಾಗ ಬಿಡುವ ನಿಟ್ಟುಸಿರೂ ನಿಂತುಹೋಗುತ್ತದೆ. ಮುಚ್ಚಿದ ಜಾಗದಲ್ಲಿ ಕಫ ಕೂತು ಸೋಂಕಿಗೆ ದಾರಿಯಾಗುತ್ತದೆ. ಗಬಕ್ಕನೆ ಎಳೆದಾಗ ಕುತ್ತಿಗೆ, ಭುಜದ ಸ್ನಾಯುಗಳು ಎದ್ದು ಎದೆಯ ಮೇಲ್ಭಾಗವೇ ಹೆಚ್ಚು ಉಬ್ಬುತ್ತದೆ. ನಿಧಾನವಾಗಿ ಎಳೆದರೆ ವಪೆ ಕೆಳಗಿಳಿದು ಬುಡಕ್ಕೆ ಗಾಳಿ ತಲುಪುತ್ತದೆ. ಎಳೆದ ಮೇಲೆ ಹಿಡಿದಿಡುವುದೂ ಇದಕ್ಕೇ: ತಡವಾಗಿ ತೆರೆದುಕೊಳ್ಳುವ ಗೂಡುಗಳಿಗೆ ಅಷ್ಟು ಸಮಯ ಬೇಕು.

ಬಳಸುವಾಗ ನೆಟ್ಟಗೆ ಕೂರಿ, ಮಲಗಿದರೆ ಹೊಟ್ಟೆಯ ಭಾರ ವಪೆಯನ್ನು ಒತ್ತುತ್ತದೆ. ಸಾಧನವನ್ನು ಕಣ್ಣಿನ ಮಟ್ಟಕ್ಕೆ ನೇರವಾಗಿ ಹಿಡಿಯಿರಿ. ಓರೆ ಮಾಡಿದರೆ ಚೆಂಡು ಸುಲಭವಾಗಿ ಏರುತ್ತದೆ, ಅದು ಸುಳ್ಳು ಲೆಕ್ಕ. ಮಾಮೂಲಿ ಉಸಿರು ಹೊರಬಿಟ್ಟು, ಮೌತ್‌ಪೀಸಿನ ಸುತ್ತ ತುಟಿ ಬಿಗಿಮಾಡಿ ಎಳೆಯಿರಿ. ಮೊದಲ ಚೆಂಡು ಮೇಲೆ, ಎರಡನೆಯದು ಕೆಳಗೇ ಇರಲಿ. ತುಂಬಿದ ಮೇಲೆ ಮೌತ್‌ಪೀಸ್ ತೆಗೆದು 3ರಿಂದ 5 ಸೆಕೆಂಡು ಉಸಿರು ಹಿಡಿದು, ಮೆಲ್ಲಗೆ ಬಿಡಿ. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ ಎನ್ನುವುದು ರೂಢಿ. ಒಂದೇ ಸಮನೆ ಹತ್ತೂ ಎಳೆದರೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ. ನಡುನಡುವೆ ಮಾಮೂಲಿ ಉಸಿರಾಡಿ. ಕೊನೆಗೆ ದಿಂಬನ್ನು ಹೊಲಿಗೆಗೆ ಒತ್ತಿ ಹಿಡಿದು ಕೆಮ್ಮಿ. ನೋವಿನ ಮಾತ್ರೆ ಹಿಡಿದ ಮೇಲೆ ಇದೆಲ್ಲ ಮಾಡಿದರೆ ಸಲೀಸು.

ಎಷ್ಟೆಳೆದರೂ ಚೆಂಡು ಏಳದಿದ್ದರೆ ಮೊದಲು ಪೈಪಿನ ಜೋಡಣೆ ನೋಡಿ. ಡಬ್ಬಿಯ ಹತ್ತಿರ ಪೈಪನ್ನು ಮಡಚಿ ಹಿಡಿದು ಎಳೆಯಿರಿ. ಆಗಲೂ ಗಾಳಿ ಬಂದರೆ ಪೈಪಿನಲ್ಲೋ ಮೌತ್‌ಪೀಸಿನಲ್ಲೋ ತುಟಿಯಲ್ಲೋ ಸೋರಿಕೆ ಇದೆ. ಹಲ್ಲಿನ ಸೆಟ್ ತೆಗೆದಿಟ್ಟ ಹಿರಿಯರಲ್ಲಿ ತುಟಿ ಸರಿಯಾಗಿ ಮುಚ್ಚುವುದಿಲ್ಲ, ಸೆಟ್ ಹಾಕಿಸಿ. ಮೌತ್‌ಪೀಸನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿದರೆ ಸಾಕು. ಕುದಿಸಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಡಬ್ಬಿಯೊಳಗೆ ನೀರು ಹೋದರೆ ಚೆಂಡು ಅಂಟುತ್ತದೆ. ಒಂದು ಸಾಧನ ಒಬ್ಬರಿಗೇ.

ಇದರ ದೊಡ್ಡ ಕೊರತೆ ಎಂದರೆ ಎಷ್ಟು ತುಂಬಿತು ಎಂದು ನೇರವಾಗಿ ತೋರಿಸದಿರುವುದು. ಮಿಲಿ ಗುರುತಿನ ಪಿಸ್ಟನ್ ಏರುವ ಇನ್ನೊಂದು ಬಗೆ ಅದನ್ನು ತೋರಿಸುತ್ತದೆ. ಬೆಲೆ ಹೆಚ್ಚು, ಆದರೆ ಸಿಕ್ಕರೆ ಅದೇ ವಾಸಿ. ಇನ್ನು 'ಶ್ವಾಸಕೋಶದ ಶಕ್ತಿ ಹೆಚ್ಚಿಸುತ್ತದೆ' ಎನ್ನುವ ಜಾಹೀರಾತನ್ನು ನಂಬಿ ಆರೋಗ್ಯವಂತರು ಕೊಳ್ಳುವ ಅಗತ್ಯವಿಲ್ಲ. ಹೊಟ್ಟೆಯ ಮೇಲ್ಭಾಗದ ಆಪರೇಷನ್ ನಂತರ ಇದೊಂದರಿಂದಲೇ ನ್ಯುಮೋನಿಯಾ ತಪ್ಪುತ್ತದೆ ಎನ್ನುವುದಕ್ಕೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2014ರ ಪರಾಮರ್ಶೆಗೂ ಗಟ್ಟಿ ಪುರಾವೆ ಸಿಗಲಿಲ್ಲ. ಬೇಗ ಎಬ್ಬಿಸಿ ನಡೆಸುವುದು, ಕೆಮ್ಮಿಸುವುದು ಬಿಟ್ಟು ಬರೀ ಚೆಂಡಾಡಿಸಿದರೆ ಸಾಲದು. ಆಸ್ತಮಾ ಉಲ್ಬಣಿಸಿದಾಗ ಇದನ್ನು ಕೈಗೆತ್ತಿಕೊಳ್ಳಬೇಡಿ. ಶ್ವಾಸಕೋಶದ ಹೊರಗೆ ಎದೆಯಲ್ಲಿ ಗಾಳಿ ತುಂಬಿಕೊಂಡವರು, ಕಫದಲ್ಲಿ ರಕ್ತ ಬರುವವರು, ಇತ್ತೀಚೆಗೆ ಕಣ್ಣಿನ ಆಪರೇಷನ್ ಆದವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಆಪರೇಷನ್ ದಿನ ಮೊದಲೇ ಗೊತ್ತಿದ್ದರೆ ಮುಂಚೆಯೇ ಕೊಂಡು ಅಭ್ಯಾಸ ಮಾಡಿ. ಮೊದಲ ಚೆಂಡು ಎಷ್ಟು ಸೆಕೆಂಡು ನಿಲ್ಲುತ್ತದೆ ಎಂದು ಬರೆದಿಟ್ಟುಕೊಂಡರೆ, ಆಮೇಲೆ ಮುಟ್ಟಬೇಕಾದ ಗುರಿ ಅದೇ ಆಗುತ್ತದೆ.